ಬೇಸ್‌ಬಾಲಿನ ಲೆಕ್ಕವೂ ಬೇಸ್‌ಬಾಲ್ ನೋಡುವ ಸುಖವೂ

(ಅಮೆರಿಕದ ನಮ್ಮೂರಿನ ಕನ್ನಡಿಗರ ತಿಂಗಳ ಸಭೆಯಲ್ಲಿ ಆಡಿದ ಮಾತುಗಳನ್ನು ಅಲ್ಲಲ್ಲಿ ತಿದ್ದಿ, ಕೆಲವೆಡೆ ವಿಸ್ತರಿಸಿ ಇಲ್ಲಿ ಬರೆದಿದ್ದೇನೆ.)

ಮಾನ್ಯರೇ,

ಈ ದೇಶಕ್ಕೆ ಬಂದ ಹೊಸದರಲ್ಲಿ ನನಗೆ ಬೇಸ್‌ಬಾಲ್ ಹಿಡಿಸಿರಲಿಲ್ಲ. ಕ್ರಿಕೆಟ್ ನೋಡಿ ಬೆಳೆದ ಕಣ್ಣಿಗೆ ಅದು ಬಹಳ ಹೊತ್ತು ಏನೂ ನಡೆಯದ ಆಟವಾಗಿ ಕಾಣುತ್ತಿತ್ತು. ಅದನ್ನು ನೋಡುವುದು ಹೇಗೆಂದು ನನಗೆ ಕಲಿಸಿದವರು ಪಕ್ಕದ ಮನೆಯಲ್ಲಿದ್ದ ಹಿರಿಯರೊಬ್ಬರು, ಅಂಚೆ ಇಲಾಖೆಯಿಂದ ನಿವೃತ್ತರಾದವರು. ಕ್ರೀಡಾಂಗಣದಲ್ಲಿ ಕೂತರೂ ಮನೆಯಲ್ಲಿ ಟಿವಿಯ ಮುಂದೆ ಕೂತರೂ ಅವರ ತೊಡೆಯ ಮೇಲೆ ಅಗಲವಾದ ಒಂದು ಸ್ಕೋರ್ ಪುಸ್ತಕ, ಕೈಯಲ್ಲಿ ಮೊನೆ ಮಾಡಿದ ಪೆನ್ಸಿಲ್ ಇರುತ್ತಿದ್ದವು. ಆ ಪುಸ್ತಕದ ಪುಟದ ತುಂಬ ಚೌಕಗಳು, ಪ್ರತಿ ಚೌಕದೊಳಗೂ ಓಡುವವನು ಒಂದೊಂದಾಗಿ ಮುಟ್ಟಬೇಕಾದ ನಾಲ್ಕು ಬೇಸ್‌ಗಳ ಗುರುತಾಗಿ ವಜ್ರದಾಕಾರದ ಒಂದು ಸಣ್ಣ ಚಿತ್ರ. ಅಂಗಣದ ಒಂಬತ್ತು ಮಂದಿಗೂ ಅದರಲ್ಲಿ ಒಂದೊಂದು ಸಂಖ್ಯೆ: ಚೆಂಡು ಎಸೆಯುವ ಪಿಚರ್ 1, ಬ್ಯಾಟರ್‌ನ ಹಿಂದೆ ಕೂತು ಅದನ್ನು ಹಿಡಿಯುವ ಕ್ಯಾಚರ್ 2, ಮೊದಲನೆಯ ಬೇಸ್ ಕಾಯುವವನು 3, ಎರಡನೆಯದನ್ನು ಕಾಯುವವನು 4, ಮೂರನೆಯದನ್ನು ಕಾಯುವವನು 5, ಎರಡನೆಯ ಮೂರನೆಯ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6, ದೂರದಲ್ಲಿ ನಿಂತ ಮೂವರು ಎಡದಿಂದ ಬಲಕ್ಕೆ 7, 8, 9. ಚೆಂಡು ಶಾರ್ಟ್‌ಸ್ಟಾಪ್‌ನ ಕೈಗೆ ಸಿಕ್ಕಿ, ಅವನಿಂದ ಎರಡನೆಯ ಬೇಸಿಗೆ, ಅಲ್ಲಿಂದ ಮೊದಲನೆಯ ಬೇಸಿಗೆ ಹಾರಿ ಒಂದೇ ಹೊಡೆತಕ್ಕೆ ಇಬ್ಬರು ಔಟಾದರೆ ಅವರು ಬರೆಯುತ್ತಿದ್ದದ್ದು ‘6-4-3’ ಎಂದಷ್ಟೇ. ಬೀಸಿ ತಪ್ಪಿದ, ಇಲ್ಲವೇ ಸರಿಯಾದ ಜಾಗಕ್ಕೆ ಬಂದರೂ ಬೀಸದೆ ಬಿಟ್ಟ ಎಸೆತ ಒಂದು ಸ್ಟ್ರೈಕ್; ಮೂರಾದರೆ ಔಟ್, ಅದೇ ಸ್ಟ್ರೈಕೌಟ್. ಬ್ಯಾಟರ್ ಮೂರನೆಯದಕ್ಕೆ ಬ್ಯಾಟು ಬೀಸಿ ಚೆಂಡು ತಪ್ಪಿ ಔಟಾದರೆ ಇಂಗ್ಲಿಷಿನ ‘ಕೆ’ ಅಕ್ಷರ. ಬೀಸದೆ ಸುಮ್ಮನೆ ನಿಂತು ಮೂರನೆಯ ಸ್ಟ್ರೈಕಿಗೆ ಔಟಾದರೆ ಅದೇ ಅಕ್ಷರ, ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ.

ಅಂಕಿಅಂಶಗಳು ಬೇಸ್‌ಬಾಲ್ ನೋಡುವ ಸುಖವನ್ನು ಹೆಚ್ಚಿಸುತ್ತವೆಯೋ ಕೆಡಿಸುತ್ತವೆಯೋ ಎಂಬುದು ಈ ದೇಶದಲ್ಲಿ ಬಹಳ ಕಾಲದಿಂದ ನಡೆದು ಬಂದಿರುವ ಜಗಳ. ಆ ಜಗಳದ ಮಾತು ಬಂದಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು ಆ ಪೆನ್ಸಿಲ್ಲೇ. ಅವರು ಬರೆಯುತ್ತಿದ್ದುದರಿಂದ ಅವರಿಗೆ ಆಟ ತಪ್ಪಿಹೋಗುತ್ತಿರಲಿಲ್ಲ. ಬರೆಯಬೇಕಾಗಿದ್ದುದರಿಂದಲೇ ಅವರ ಕಣ್ಣಿಗೆ ಏನೂ ತಪ್ಪುತ್ತಿರಲಿಲ್ಲ. ನಮ್ಮ ಕಡೆಯ ಸಂಗೀತ ಕಚೇರಿಯಲ್ಲಿ ಮುಂದಿನ ಸಾಲಿನ ರಸಿಕರು ತೊಡೆಯ ಮೇಲೆ ತಾಳ ಹಾಕುತ್ತ ಕೂತಿರುವುದನ್ನು ನೀವೆಲ್ಲ ನೋಡಿದ್ದೀರಿ. ಬೆರಳು ಎಣಿಸುತ್ತಿದೆ ಎಂದು ಕಿವಿ ರಾಗವನ್ನು ಕಳೆದುಕೊಳ್ಳುವುದಿಲ್ಲ. ಕಲ್ಪನಾಸ್ವರ ಹಾಡುತ್ತ ಹಾಡುತ್ತ ವಿದ್ವಾಂಸರು ಎಡುಪಿಗೆ, ಎಂದರೆ ಹಾಡಿನ ಸಾಲು ತಾಳದಲ್ಲಿ ಎತ್ತಿಕೊಳ್ಳುವ ಜಾಗಕ್ಕೆ, ಸರಿಯಾಗಿ ಬಂದು ಇಳಿದಾಗ ಆಗುವ ರೋಮಾಂಚನ, ಎಣಿಸುತ್ತಿದ್ದವರಿಗೆ ಒಂದು ತೂಕ ಹೆಚ್ಚೇ.

ಬೇಸ್‌ಬಾಲ್ ಹುಟ್ಟಿನಿಂದಲೇ ಲೆಕ್ಕಕ್ಕೆ ಒಗ್ಗುವ ಆಟ. ಪಿಚರ್‌ಗೂ ಬ್ಯಾಟರ್‌ಗೂ ನಡುವೆ ಅರವತ್ತು ಅಡಿ ಆರು ಅಂಗುಲದ ದೂರ. ಅಲ್ಲಿ ನಡೆಯುವ ಪ್ರತಿಯೊಂದು ಎಸೆತವೂ ಬಿಡಿಬಿಡಿಯಾದ ಒಂದು ಘಟನೆ, ಅದಕ್ಕೊಂದು ಸ್ಪಷ್ಟವಾದ ಫಲಿತಾಂಶ. ಅದನ್ನು ಮೊದಲು ಕ್ರಮವಾಗಿ ಕಾಗದಕ್ಕಿಳಿಸಿದವರಲ್ಲಿ ಮುಖ್ಯನಾದ ಹೆನ್ರಿ ಚಾಡ್ವಿಕ್ 1824ರಲ್ಲಿ ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಬ್ರೂಕ್ಲಿನ್‌ಗೆ ಬಂದವನು. ಅವನು ಮೊದಲು ಕ್ರಿಕೆಟ್ ವರದಿಗಾರನಾಗಿದ್ದ ಎಂಬುದು ನಮ್ಮಂಥವರಿಗೆ ವಿಶೇಷವಾಗಿ ಹಿತವಾಗುವ ಸಂಗತಿ. ಕ್ರಿಕೆಟ್ ಸ್ಕೋರ್‌ಕಾರ್ಡಿನ ಪದ್ಧತಿಯನ್ನೇ ಒಗ್ಗಿಸಿಕೊಂಡು ಅವನು ಪತ್ರಿಕೆಗಳಲ್ಲಿ ಪಂದ್ಯದ ಪಟ್ಟಿಯನ್ನು ಪ್ರಕಟಿಸಿದ. ಸ್ಟ್ರೈಕೌಟ್ ಆದುದಕ್ಕೆ ‘ಸ್ಟ್ರಕ್’ ಎಂಬ ಪದದ ಕೊನೆಯ ಅಕ್ಷರವನ್ನು ಆರಿಸಿದವನೂ ಅವನೇ. ನನ್ನ ನೆರೆಯವರ ಪೆನ್ಸಿಲ್ ಬರೆಯುತ್ತಿದ್ದ ‘ಕೆ’ ಅಲ್ಲಿಂದ ಬಂದದ್ದು. ಹಾಗಾಗಿ ‘ಮೊದಲು ಶುದ್ಧವಾದ ಆಟವೊಂದಿತ್ತು, ಲೆಕ್ಕದವರು ಆಮೇಲೆ ಬಂದು ಅದನ್ನು ಕೆಡಿಸಿದರು’ ಎಂಬ ವಾದವನ್ನು ನಾನು ಒಪ್ಪಲಾರೆ. ಲೆಕ್ಕವಿಲ್ಲದ ಬೇಸ್‌ಬಾಲನ್ನು ಈಗ ಬದುಕಿರುವವರು ಯಾರೂ ನೋಡಿಲ್ಲ, ಅವರ ಅಜ್ಜಂದಿರೂ ನೋಡಿರಲಿಲ್ಲ.

ಈ ಆಟಕ್ಕೆ ಲೆಕ್ಕ ಬೇಕೇಬೇಕು ಎನ್ನುವುದಕ್ಕೆ ಇನ್ನೂ ಆಳವಾದ ಕಾರಣವಿದೆ. ಬ್ಯಾಟರ್ ತನ್ನ ಹೊಡೆತದಿಂದಲೇ ಬೇಸ್ ತಲುಪಿದರೆ ಅದು ಹಿಟ್; ಬ್ಯಾಟು ಹಿಡಿದ ಸಲಗಳಲ್ಲಿ ಹಿಟ್‌ಗಳ ಪಾಲೇ ಬ್ಯಾಟಿಂಗ್ ಸರಾಸರಿ. ಅದು 0.300 ಇರುವವನು ಒಳ್ಳೆಯ ಆಟಗಾರ, 0.250 ಇರುವವನು ಸಾಧಾರಣ ಎನ್ನುವುದು ಹಳೆಯ ವಾಡಿಕೆ. ಇಬ್ಬರೂ ಇಪ್ಪತ್ತಾರು ವಾರಗಳ ಋತುವಿನಲ್ಲಿ 520 ಸಲ ಬ್ಯಾಟು ಹಿಡಿದರು ಎಂದುಕೊಳ್ಳಿ. ಮೊದಲನೆಯವನಿಗೆ 156 ಹಿಟ್‌ಗಳು, ಎರಡನೆಯವನಿಗೆ 130. ವ್ಯತ್ಯಾಸ ಇಪ್ಪತ್ತಾರು, ಎಂದರೆ ವಾರಕ್ಕೆ ಒಂದು. ದಿನವೂ ಪಂದ್ಯ ನೋಡುವವನಿಗೂ ವಾರಕ್ಕೊಂದು ಹಿಟ್ಟಿನ ಅಂತರ ಬರಿಗಣ್ಣಿಗೆ ಕಾಣುವುದಿಲ್ಲ. ಪ್ರತಿ ತಂಡಕ್ಕೂ ವರ್ಷಕ್ಕೆ 162 ಪಂದ್ಯಗಳಿರುವ ಆಟದಲ್ಲಿ ಕಣ್ಣು ನೋಡುವುದು ಒಂದು ಸಂಜೆಯನ್ನು; ಆ ಸಂಜೆಯ ಹಿಂದೆ ಹರಡಿಕೊಂಡಿರುವ ಆರು ತಿಂಗಳನ್ನು ತಂದು ಕೊಡುವುದು ಅಂಕಿ ಮಾತ್ರ.

ಆದರೆ ಚಾಡ್ವಿಕ್‌ನ ಕಾಲದ ಲೆಕ್ಕದಲ್ಲಿ ದೊಡ್ಡದೊಂದು ಕುರುಡೂ ಇತ್ತು. ಪಿಚರ್ ಸರಿಯಾದ ಜಾಗಕ್ಕೆ ಎಸೆಯದೆ ನಾಲ್ಕು ಬಾರಿ ತಪ್ಪಿದರೆ ಬ್ಯಾಟರ್ ನಡೆದೇ ಮೊದಲ ಬೇಸಿಗೆ ಹೋಗುತ್ತಾನೆ. ಅದಕ್ಕೆ ವಾಕ್ ಎಂದು ಹೆಸರು. ಅದು ಪಿಚರ್‌ನ ತಪ್ಪೇ ಹೊರತು ಬ್ಯಾಟರ್‌ನ ಗುಣವಲ್ಲ ಎಂದು ಆ ಕಾಲದವರು ತಿಳಿದರು. ಬ್ಯಾಟಿಂಗ್ ಸರಾಸರಿಯಲ್ಲಿ ವಾಕ್‌ಗೆ ಇವತ್ತಿಗೂ ಜಾಗವಿಲ್ಲ. ಬ್ಯಾಟರ್ ಒಟ್ಟು ಎಷ್ಟು ಬಾರಿ ಬೇಸ್ ತಲುಪಿದ ಎಂಬ ಲೆಕ್ಕಕ್ಕೆ, ಇಲ್ಲಿನ ವೃತ್ತಿಪರ ಬೇಸ್‌ಬಾಲಿನ ಅತಿ ಮೇಲಿನ ಹಂತವಾದ ಮೇಜರ್ ಲೀಗ್‌ನ ಅಧಿಕೃತ ಮನ್ನಣೆ ಸಿಕ್ಕಿದ್ದು 1984ರಲ್ಲಿ. ಅಲ್ಲಿಯವರೆಗೆ ಪ್ರೇಕ್ಷಕರೂ ವಾಕ್ ಬಂದಾಗ ಹಾಟ್‌ಡಾಗ್ ತರಲು ಎದ್ದು ಹೋಗುತ್ತಿದ್ದರು ಎಂದು ನನ್ನ ನೆರೆಯವರು ಹೇಳುತ್ತಿದ್ದರು.

ಆ ಕುರುಡನ್ನು ಹೋಗಲಾಡಿಸಲು ಹೆಚ್ಚು ದುಡಿದವನು ಬಿಲ್ ಜೇಮ್ಸ್. ಕಾನ್ಸಸ್‌ನ ಲಾರೆನ್ಸ್ ಎಂಬ ಊರಿನಲ್ಲಿ, ಡಬ್ಬಿಗಳಲ್ಲಿ ಹುರುಳಿ ತುಂಬುವ ಕಾರ್ಖಾನೆಯೊಂದರಲ್ಲಿ ರಾತ್ರಿ ಕಾವಲುಗಾರನಾಗಿದ್ದ ಆತ 1977ರಲ್ಲಿ ತನ್ನ ಲೆಕ್ಕಗಳ ಮೊದಲ ಪುಸ್ತಿಕೆಯನ್ನು ತಾನೇ ಅಚ್ಚು ಹಾಕಿಸಿದ. ಅವನನ್ನು ಅಂಕಿಗಳ ಮನುಷ್ಯ ಎಂದು ಕರೆಯುವುದು ರೂಢಿ, ಆದರೆ ನಾನು ಓದಿಕೊಂಡಂತೆ ಅವನು ಪ್ರಶ್ನೆಗಳ ಮನುಷ್ಯ. ಎಲ್ಲರೂ ಹೇಳುವ ಮಾತು ನಿಜವೇ, ನಿಜವಾದರೆ ಅದು ಎಲ್ಲಿ ಕಾಣಿಸಬೇಕು ಎಂದು ಕೇಳಿ ಹುಡುಕುತ್ತಿದ್ದ. ಅವನ ದಾರಿಯಲ್ಲಿ ಬಂದವರಿಂದಾಗಿ ನನ್ನಂಥ ಪ್ರೇಕ್ಷಕನಿಗೆ ತಾಳ್ಮೆ ಎನ್ನುವುದು ಕಣ್ಣಿಗೆ ಕಾಣುವ ವಸ್ತುವಾಯಿತು. ನಮ್ಮ ದ್ರಾವಿಡ್ ಟೆಸ್ಟ್ ಕ್ರಿಕೆಟ್‌ನಲ್ಲಿ 31,258 ಎಸೆತಗಳನ್ನು ಎದುರಿಸಿದರು, ಬೇರೆ ಯಾರೂ ಅಷ್ಟು ಎದುರಿಸಿಲ್ಲ ಎಂದು ತಿಳಿದ ಮೇಲೆ ಅವರು ಚೆಂಡನ್ನು ಬಿಟ್ಟುಬಿಡುವ ರೀತಿಯನ್ನೇ ನಾವು ಬೇರೆಯಾಗಿ ನೆನಪಿಸಿಕೊಳ್ಳುವುದಿಲ್ಲವೇ? ಹಾಗೆಯೇ, ಹೊರಗೆ ಹೋಗುವ ಚೆಂಡಿಗೆ ಕೈಹಾಕದೆ, ಒಳಗೆ ಬಂದದ್ದನ್ನು ಗೆರೆಯಾಚೆಗೆ ತಟ್ಟಿ ತಟ್ಟಿ, ಹತ್ತು ಹನ್ನೊಂದು ಎಸೆತಗಳ ಕೊನೆಗೆ ಬ್ಯಾಟನ್ನು ಕೆಳಗಿಟ್ಟು ಮೊದಲ ಬೇಸಿನ ಕಡೆ ನಿಧಾನವಾಗಿ ನಡೆಯುವವನಲ್ಲಿ ಈಗ ನನಗೆ ಒಬ್ಬ ಕುಶಲಿ ಕಾಣುತ್ತಾನೆ.

2002ರ ಓಕ್ಲೆಂಡ್ ಅಥ್ಲೆಟಿಕ್ಸ್ ತಂಡದ ಕಥೆ ‘ಮನಿಬಾಲ್’ ಎಂಬ ಪುಸ್ತಕವಾಗಿ, ಸಿನಿಮಾ ಆಗಿ ನಿಮಗೆಲ್ಲ ಗೊತ್ತಿದೆ. ಸುಮಾರು 4 ಕೋಟಿ ಡಾಲರ್ ಸಂಬಳದ ತಂಡ, ಅದರ ಮೂರು ಪಟ್ಟು ಖರ್ಚು ಮಾಡಿದ ನ್ಯೂಯಾರ್ಕ್ ಯಾಂಕೀಸ್‌ನಷ್ಟೇ, ಎಂದರೆ 103 ಪಂದ್ಯಗಳನ್ನು ಗೆದ್ದಿತು. ನಾನು ಅದರಲ್ಲಿ ಒಬ್ಬನನ್ನು ಮಾತ್ರ ನೆನೆಯುತ್ತೇನೆ. ಸ್ಕಾಟ್ ಹ್ಯಾಟೆಬರ್ಗ್ ಕ್ಯಾಚರ್ ಆಗಿದ್ದವನು. ಮೊಣಕೈಯ ನರಕ್ಕೆ ಪೆಟ್ಟಾಗಿ ಚೆಂಡು ಎಸೆಯುವುದೇ ಕಷ್ಟವಾಗಿತ್ತು. ಅವನು ಬೇಸ್ ತಲುಪುವ ಲೆಕ್ಕವನ್ನು ನೋಡಿಯೇ ಓಕ್ಲೆಂಡ್ ಅವನನ್ನು ಕರೆದುಕೊಂಡು, ಅಭ್ಯಾಸವಿಲ್ಲದ ಮೊದಲ ಬೇಸಿನಲ್ಲಿ ನಿಲ್ಲಿಸಿತು. ಸತತ ಹತ್ತೊಂಬತ್ತು ಪಂದ್ಯಗಳನ್ನು ಗೆದ್ದಿದ್ದ ಆ ತಂಡ ಸೆಪ್ಟೆಂಬರ್ 4ರಂದು ಕಾನ್ಸಸ್ ಸಿಟಿಯ ಎದುರು 11-0 ಮುಂದಿದ್ದು, ನೋಡನೋಡುತ್ತ 11-11ಕ್ಕೆ ಇಳಿಯಿತು. ಒಂಬತ್ತನೆಯ ಇನ್ನಿಂಗ್ಸ್‌ನಲ್ಲಿ ಬದಲಿ ಬ್ಯಾಟರ್ ಆಗಿ ಬಂದ ಹ್ಯಾಟೆಬರ್ಗ್ ಚೆಂಡನ್ನು ಬೇಲಿಯಾಚೆ ಕಳಿಸಿದ. ಇಪ್ಪತ್ತನೆಯ ಗೆಲುವು ಬಂತು. ಅವನು ಅಲ್ಲಿ ಏಕೆ ನಿಂತಿದ್ದ ಎಂಬುದನ್ನು ಅಂಕಿ ಹೇಳಬಲ್ಲುದಾಗಿತ್ತು. ಅವನು ಏನು ಮಾಡುತ್ತಾನೆ ಎಂಬುದನ್ನು ಅದು ಹೇಳಿರಲಿಲ್ಲ. ಈ ಎರಡರ ನಡುವಿನ ಬಯಲಲ್ಲೇ ನೋಡುವವನ ಸುಖವೆಲ್ಲ ಇರುವುದು.

ಅಂಕಿಯೇ ನಾಟಕವಾಗುವ ಸಂದರ್ಭಗಳೂ ಇವೆ. 1941ರ ಸೆಪ್ಟೆಂಬರ್ 28, ಋತುವಿನ ಕೊನೆಯ ದಿನ, ಫಿಲಡೆಲ್ಫಿಯಾದಲ್ಲಿ ಒಂದೇ ದಿನ ಎರಡು ಪಂದ್ಯಗಳು. ಬಾಸ್ಟನ್ ತಂಡದ ಟೆಡ್ ವಿಲಿಯಮ್ಸ್‌ನ ಸರಾಸರಿ ಅಂದು ಬೆಳಿಗ್ಗೆ 0.39955, ಪುಸ್ತಕದಲ್ಲಿ ಬರೆಯುವಾಗ 0.400 ಆಗುತ್ತಿತ್ತು. ಬೇಕಾದರೆ ಆಡದೆ ಕೂರು ಎಂದು ಮ್ಯಾನೇಜರ್ ಹೇಳಿದ್ದರು. ಇಪ್ಪತ್ಮೂರು ವರ್ಷದ ಆ ಹುಡುಗ ಎರಡೂ ಪಂದ್ಯ ಆಡಿ, ಎಂಟು ಸಲದಲ್ಲಿ ಆರು ಹಿಟ್ ಹೊಡೆದು 0.406ಕ್ಕೆ ಏರಿದ. ಮೇಜರ್ ಲೀಗ್‌ನ ಎರಡು ಭಾಗಗಳಾದ ಅಮೆರಿಕನ್ ಮತ್ತು ನ್ಯಾಷನಲ್ ಲೀಗ್‌ಗಳಲ್ಲಿ ಅವನ ನಂತರ ಯಾರೂ 0.400 ಮುಟ್ಟಿಲ್ಲ. ದಶಮಾಂಶದ ನಾಲ್ಕನೆಯ ಸ್ಥಾನವನ್ನು ತೆಗೆದುಹಾಕಿ ನೋಡಿ: ತಂಡದ ಸ್ಥಾನಮಾನ ಏನೂ ಬದಲಾಗದ, ಋತು ಮುಗಿಯುವ ದಿನದ ಎರಡು ಸಪ್ಪೆ ಪಂದ್ಯಗಳಷ್ಟೇ ಉಳಿಯುತ್ತವೆ. ಸರಾಸರಿ ಎಂಬುದೊಂದಿದ್ದುದರಿಂದಲೇ ಆ ಹುಡುಗನ ಧೈರ್ಯ ಲೋಕಕ್ಕೆ ಕಂಡಿತು.

ಇನ್ನೊಂದು ಉದಾಹರಣೆ ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು. ಬಣ್ಣದ ಕಾರಣಕ್ಕೆ ಮೇಜರ್ ಲೀಗ್‌ಗಳಿಂದ ಹೊರಗಿಡಲ್ಪಟ್ಟ ಕಪ್ಪು ಆಟಗಾರರು ತಮ್ಮದೇ ನೀಗ್ರೋ ಲೀಗ್‌ಗಳಲ್ಲಿ ಆಡಿದರು. ಅವರಲ್ಲಿ ಶ್ರೇಷ್ಠನಾದ ಜಾಶ್ ಗಿಬ್ಸನ್ 1947ರ ಜನವರಿಯಲ್ಲಿ, ಮೂವತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡ; ಜಾಕಿ ರಾಬಿನ್‌ಸನ್ ಆ ಗೋಡೆಯನ್ನು ದಾಟಿ ಬ್ರೂಕ್ಲಿನ್ ಪರವಾಗಿ ಕಣಕ್ಕಿಳಿದದ್ದು ಅದೇ ವರ್ಷದ ಏಪ್ರಿಲ್‌ನಲ್ಲಿ. ಗಿಬ್ಸನ್‌ನ ಹೊಡೆತಗಳ ಬಗ್ಗೆ ದಂತಕಥೆಗಳು ಬೇಕಾದಷ್ಟಿದ್ದವು, ಲೆಕ್ಕವಿರಲಿಲ್ಲ. ‘ಪಿಟ್ಸ್‌ಬರ್ಗ್ ಕೊರಿಯರ್’, ‘ಚಿಕಾಗೋ ಡಿಫೆಂಡರ್’ನಂಥ ಕಪ್ಪು ಜನರ ಪತ್ರಿಕೆಗಳಲ್ಲಿ ಚದುರಿದ್ದ ಪಂದ್ಯದ ಪಟ್ಟಿಗಳನ್ನು ಸಂಶೋಧಕರು ವರ್ಷಗಟ್ಟಲೆ ಹುಡುಕಿ, ಒಂದೊಂದೇ ಸಾಲನ್ನು ಸೇರಿಸಿ ಲೆಕ್ಕ ಕಟ್ಟಿದರು. 2024ರ ಮೇ ತಿಂಗಳಲ್ಲಿ ಮೇಜರ್ ಲೀಗ್ ಆ ಲೆಕ್ಕವನ್ನು ತನ್ನ ಅಧಿಕೃತ ದಾಖಲೆಗೆ ಸೇರಿಸಿದಾಗ ಗಿಬ್ಸನ್‌ನ ಜೀವಮಾನದ ಸರಾಸರಿ 0.372, ಅಲ್ಲಿಯವರೆಗೆ ಮೊದಲಿಗನಾಗಿದ್ದ ಟೈ ಕಾಬ್‌ನ 0.367ಕ್ಕಿಂತ ಮೇಲೆ, ಎಲ್ಲರಿಗಿಂತ ಮೇಲೆ ಬಂದು ನಿಂತಿತು. ಅವರ ಋತುಗಳು ಚಿಕ್ಕವು, ಹೋಲಿಕೆ ಸರಿಯಲ್ಲ ಎಂದು ಆಕ್ಷೇಪಿಸಿದವರಿದ್ದಾರೆ. ಋತುಗಳು ಚಿಕ್ಕವಾಗಿದ್ದವು, ನಿಜ. ಚಿಕ್ಕವಾಗಿರುವಂತೆ ಮಾಡಿದ್ದು ಯಾರು ಎಂದು ನಾನು ಅವರನ್ನು ಕೇಳುತ್ತೇನೆ. ಹಸಿದ ಹೊಟ್ಟೆಯಲ್ಲಿ ಬಸ್ಸಿನಲ್ಲಿ ಮಲಗಿ ಊರೂರು ತಿರುಗಿ ಆಡಿದವರ ಹೆಸರು ಪಟ್ಟಿಯ ತಲೆಯಲ್ಲಿ ಕಾಣುವಂತೆ ಮಾಡಿದ ಅಂಕಿಯನ್ನು ಒಣ ಅಂಕಿ ಎನ್ನಲು ನನಗೆ ನಾಲಿಗೆ ಬಾರದು.

ಹಾಗಾದರೆ ದೂರುವವರಿಗೆ ದೂರಲು ಕಾರಣವೇ ಇಲ್ಲವೇ? ಇದೆ, ಮತ್ತು ಅವರ ನೋವು ನನಗೂ ಇದೆ. 2018ರಲ್ಲಿ, ಮೇಜರ್ ಲೀಗ್‌ಗಳ ಇತಿಹಾಸದಲ್ಲೇ ಮೊದಲ ಬಾರಿಗೆ, ಇಡೀ ಋತುವಿನಲ್ಲಿ ಹಿಟ್‌ಗಳಿಗಿಂತ ಸ್ಟ್ರೈಕೌಟ್‌ಗಳು ಹೆಚ್ಚಾದವು. ಸಣ್ಣ ಹಿಟ್‌ಗಳಿಗಿಂತ ಬೇಲಿಯಾಚೆ ಹೋಗುವ ಹೊಡೆತಕ್ಕೆ, ಎಂದರೆ ಹೋಮ್‌ರನ್‌ಗೆ, ಬೆಲೆ ಹೆಚ್ಚು, ಸ್ಟ್ರೈಕೌಟಾದರೂ ಉಳಿದ ಬಗೆಯ ಔಟ್‌ಗಳಿಗಿಂತ ಅಂಥ ನಷ್ಟವೇನಿಲ್ಲ ಎಂದು ಲೆಕ್ಕ ಹೇಳಿತು. ತಂಡಗಳು ಅದನ್ನು ನಂಬಿದವು. ಬ್ಯಾಟರ್‌ಗಳು ಚೆಂಡನ್ನು ಮೇಲಕ್ಕೆತ್ತಿ ಬೀಸತೊಡಗಿದರು. ಹೋಮ್‌ರನ್, ವಾಕ್, ಸ್ಟ್ರೈಕೌಟ್ ಈ ಮೂರರಲ್ಲೂ ಪಿಚರ್, ಕ್ಯಾಚರ್ ಬಿಟ್ಟರೆ ಉಳಿದ ಏಳು ಮಂದಿಗೆ ಕೆಲಸವಿಲ್ಲ. ನನ್ನ ನೆರೆಯವರ ಪುಸ್ತಕದಲ್ಲಿ ‘6-4-3’ ಕಡಿಮೆಯಾಗಿ ‘ಕೆ’ ಅಕ್ಷರ ತುಂಬಿಹೋಯಿತು.

ಅದಕ್ಕೂ ಹೆಚ್ಚು ಕಾಡಿದ್ದು ಕ್ಷೇತ್ರರಕ್ಷಕರನ್ನು ಒಂದೇ ಕಡೆ ಸರಿಸಿ ನಿಲ್ಲಿಸುವ ಪದ್ಧತಿ. ಈ ಎಡಗೈ ಬ್ಯಾಟರ್ ಚೆಂಡನ್ನು ಹೆಚ್ಚಾಗಿ ಯಾವ ಕಡೆ ಹೊಡೆಯುತ್ತಾನೆ ಎಂಬ ನಕ್ಷೆ ಇಟ್ಟುಕೊಂಡು ಮೂವರನ್ನು ಎರಡನೆಯ ಬೇಸಿನ ಬಲಕ್ಕೆ ತಂದು, ಒಬ್ಬನನ್ನು ಹುಲ್ಲಿನ ಮೇಲೆ ಹಿಂದಕ್ಕೆ ನಿಲ್ಲಿಸುತ್ತಿದ್ದರು. ಬ್ಯಾಟಿನಿಂದ ಸದ್ದು ಬಂದ ಕೂಡಲೇ ‘ಇದು ಹಿಟ್’ ಎಂದು ದಶಕಗಳ ಅನುಭವದ ಕಿವಿ ಹೇಳುತ್ತಿತ್ತು, ಚೆಂಡು ನೆಟ್ಟಗೆ ಹೋಗಿ ಹುಲ್ಲಿನ ಮೇಲೆ ನಿಂತವನ ಕೈ ಸೇರುತ್ತಿತ್ತು. ಕಣ್ಣು ಕಿವಿಗಳು ಕಲಿತ ಪಾಠವೇ ಸುಳ್ಳಾಗುವ ಅನುಭವ ಅದು.

ಇನ್ನು 2020ರ ಅಕ್ಟೋಬರ್ 27ರ ರಾತ್ರಿ. ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲಿ, ವರ್ಷದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ವರ್ಲ್ಡ್ ಸೀರೀಸ್‌ನ ಆರನೆಯ ಪಂದ್ಯ. ಟ್ಯಾಂಪಾ ಬೇ ಪರ ಎಸೆಯುತ್ತಿದ್ದ ಬ್ಲೇಕ್ ಸ್ನೆಲ್ ಅಂದು ಯಾರ ಕೈಗೂ ಸಿಗುವವನಾಗಿರಲಿಲ್ಲ. ಲಾಸ್ ಏಂಜಲೀಸ್ ಡಾಡ್ಜರ್ಸ್‌ನ ಮೊದಲ ಮೂವರು ಬ್ಯಾಟರ್‌ಗಳು ತಲಾ ಎರಡು ಬಾರಿ ಬಂದು, ಆರೂ ಸಲ ಸ್ಟ್ರೈಕೌಟ್ ಆಗಿದ್ದರು. ಒಟ್ಟು ಒಂಬತ್ತು ಸ್ಟ್ರೈಕೌಟ್. ಎಸೆದದ್ದು 73 ಚೆಂಡುಗಳು ಮಾತ್ರ. ಟ್ಯಾಂಪಾ 1-0 ಮುಂದೆ. ಆರನೆಯ ಇನ್ನಿಂಗ್ಸ್‌ನಲ್ಲಿ ಒಬ್ಬ ಔಟಾದ ಮೇಲೆ ಅವನ ವಿರುದ್ಧ ಆ ಪಂದ್ಯದ ಎರಡನೆಯ ಹಿಟ್ ಬಂತು. ಮ್ಯಾನೇಜರ್ ಕೆವಿನ್ ಕ್ಯಾಶ್ ಎದ್ದು ನಡೆದು ಬಂದರು. ಒಬ್ಬ ಪಿಚರ್‌ನನ್ನು ಬ್ಯಾಟರ್‌ಗಳು ಅದೇ ಪಂದ್ಯದಲ್ಲಿ ಮೂರನೆಯ ಬಾರಿ ಎದುರಿಸುವಾಗ ಮೊದಲಿಗಿಂತ ಚೆನ್ನಾಗಿ ಆಡುತ್ತಾರೆ ಎಂಬುದು ಸಾವಿರಾರು ಪಂದ್ಯಗಳ ಲೆಕ್ಕ. ಆ ಲೆಕ್ಕ ನಿಜವಾದದ್ದೇ. ಸ್ನೆಲ್ ತಲೆ ತಗ್ಗಿಸಿ ಹೊರನಡೆದ. ಅವನ ಜಾಗಕ್ಕೆ ಬಂದವನ ಎದುರು ಡಾಡ್ಜರ್ಸ್‌ನ ಮೂಕಿ ಬೆಟ್ಸ್ ಡಬಲ್, ಎಂದರೆ ಎರಡನೆಯ ಬೇಸಿನವರೆಗೆ ಒಯ್ಯುವ ಹಿಟ್, ಹೊಡೆದ. ಒಂದು ತಪ್ಪು ಎಸೆತಕ್ಕೆ ಸ್ಕೋರ್ ಸಮವಾಯಿತು. ಮುಂದೆ ಬಂದವನ ಸಾಧಾರಣ ಹೊಡೆತಕ್ಕೆ ಬೆಟ್ಸ್ ಓಡಿ ಬಂದು ತಂಡವನ್ನು ಮುಂದಕ್ಕೆ ತಂದ. ಡಾಡ್ಜರ್ಸ್ 3-1ರಿಂದ ಗೆದ್ದು 1988ರ ನಂತರ ಮೊದಲ ಬಾರಿಗೆ ಚಾಂಪಿಯನ್ ಆಯಿತು.

ಟ್ಯಾಂಪಾ ಸೋತಿತು ಎಂಬುದು ನನ್ನ ದೂರಲ್ಲ. ಸ್ನೆಲ್ ಉಳಿದಿದ್ದರೂ ಸೋಲಬಹುದಿತ್ತು. ಬೆಟ್ಸ್ ಮೂರನೆಯ ಬಾರಿ ಬಂದಾಗ ಸ್ನೆಲ್ ಏನು ಮಾಡುತ್ತಿದ್ದ ಎಂಬುದನ್ನು ನೋಡಲೆಂದೇ ನಾವು ಲಕ್ಷಾಂತರ ಜನ ಆ ರಾತ್ರಿ ಎಚ್ಚರವಾಗಿದ್ದೆವು, ಅದನ್ನು ನೋಡಲು ನಮಗೆ ಸಿಗಲಿಲ್ಲ. ಲೆಕ್ಕ ಹೇಳುವುದು ಎಲ್ಲ ಪಿಚರ್‌ಗಳ ಬಗ್ಗೆ. ಅಂದು ಮಣ್ಣಿನ ದಿಬ್ಬದ ಮೇಲೆ ನಿಂತಿದ್ದವನು ಒಬ್ಬನೇ.

ಈ ಮೂರೂ ನೋವುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಹೊಳೆದದ್ದು ಇಷ್ಟು: ಇಲ್ಲಿ ಸುಖವನ್ನು ಕೆಡಿಸಿದ ಅಂಕಿ ಪ್ರೇಕ್ಷಕನ ಮಡಿಲಿನಲ್ಲಿರುವ ಅಂಕಿಯಲ್ಲ, ತಂಡದ ಕಚೇರಿಯಲ್ಲಿರುವ ಅಂಕಿ. ಗೆಲ್ಲಬೇಕಾದ ತಂಡ ತನಗೆ ತಿಳಿದ ಲೆಕ್ಕವನ್ನು ಬಳಸದೆ ಇರಲಾರದು, ಅದನ್ನು ತಪ್ಪೆನ್ನಲೂ ಆಗದು. ಆದರೆ ಗೆಲ್ಲಲು ಒಳ್ಳೆಯದಾದದ್ದೆಲ್ಲ ನೋಡಲು ಒಳ್ಳೆಯದಾಗಿರಬೇಕಿಲ್ಲ. ಹೀಗೆ ಆಟದ ಸ್ವರೂಪವೇ ಬದಲಾದುದಕ್ಕೆ ಸರಾಸರಿ ಬಾಯಿಪಾಠ ಹೇಳುವ ಅಭಿಮಾನಿಯನ್ನು ಬೈಯುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಮದ್ದು ಕೊಡಬೇಕಾದದ್ದು ನಿಯಮಕ್ಕೆ. 2023ರಲ್ಲಿ ಅದನ್ನೇ ಮಾಡಿದರು: ಎರಡನೆಯ ಬೇಸಿನ ಎಡಬಲಗಳಲ್ಲಿ ಇಬ್ಬಿಬ್ಬರು ಇರಲೇಬೇಕು, ಪಿಚರ್ ಇಷ್ಟು ಸೆಕೆಂಡುಗಳೊಳಗೆ ಎಸೆಯಲೇಬೇಕು ಎಂದಾಯಿತು. ಹಿಂದಿನ ವರ್ಷ ಸರಾಸರಿ 3 ಗಂಟೆ 4 ನಿಮಿಷ ಹಿಡಿಯುತ್ತಿದ್ದ ಒಂಬತ್ತು ಇನ್ನಿಂಗ್ಸ್‌ಗಳ ಪಂದ್ಯ 2 ಗಂಟೆ 40 ನಿಮಿಷಕ್ಕೆ ಇಳಿಯಿತು. ಗಡಿಯಾರ ಅಂಗಣಕ್ಕೆ ಬಂದರೆ ಆಟದ ನಿರಾಳತೆಯೇ ಹೋಗುತ್ತದೆ ಎಂದು ನಾನೂ ಹೆದರಿದ್ದೆ. ನನ್ನ ಹೆದರಿಕೆ ತಪ್ಪಾಗಿತ್ತು.

ಟಿವಿಯ ಪರದೆಯ ಬಗ್ಗೆಯೂ ಒಂದು ಮಾತು ಹೇಳಬೇಕು. 2015ರಿಂದ ಮೇಜರ್ ಲೀಗ್‌ನ ಎಲ್ಲ ಅಂಗಣಗಳಲ್ಲಿ ಚೆಂಡಿನ ವೇಗ, ಬ್ಯಾಟಿನಿಂದ ಅದು ಚಿಮ್ಮುವ ಕೋನ, ಓಡುವವನ ವೇಗ ಎಲ್ಲವನ್ನೂ ಯಂತ್ರಗಳು ಅಳೆಯುತ್ತಿವೆ. 2020ರಿಂದ ಆ ಕೆಲಸಕ್ಕೆ ಬಂದಿರುವುದು ನಾವು ಕ್ರಿಕೆಟ್‌ನ ಎಲ್‌ಬಿಡಬ್ಲ್ಯೂ ತೀರ್ಪುಗಳಲ್ಲಿ ಕಂಡ ಹಾಕ್‌ಐ ಕ್ಯಾಮೆರಾಗಳೇ. ಓಡಿ ಜಿಗಿದು ಹಿಡಿದ ಕ್ಯಾಚ್ ಎಷ್ಟು ಕಷ್ಟದ್ದಾಗಿತ್ತು ಎಂದು ಆಮೇಲೆ ತಿಳಿದಾಗ ನನಗೆ ಸಂತೋಷ ಇಮ್ಮಡಿಯಾಗುತ್ತದೆ. ಚೆಂಡು ಇನ್ನೂ ಗಾಳಿಯಲ್ಲಿರುವಾಗಲೇ ಅದರ ವೇಗವನ್ನು ಪರದೆಯ ಮೇಲೆ ಬರೆಯುವುದು, ಪ್ರತಿ ಎಸೆತಕ್ಕೂ ಯಾರು ಗೆಲ್ಲುವ ಸಾಧ್ಯತೆ ಎಷ್ಟು ಶೇಕಡಾ ಎಂದು ಪಟ್ಟಿ ಓಡಿಸುವುದು ಮಾತ್ರ ನನಗೆ ಸಹ್ಯವಲ್ಲ. ಈ ದೇಶದ ಸುಪ್ರೀಂ ಕೋರ್ಟ್ 2018ರಲ್ಲಿ ಕೊಟ್ಟ ತೀರ್ಪಿನ ಬಳಿಕ ರಾಜ್ಯದಿಂದ ರಾಜ್ಯಕ್ಕೆ ಬಾಜಿ ಹರಡಿ, ಬಾಜಿಯ ದರಗಳೂ ಅದೇ ಪರದೆಗೆ ಬಂದಿವೆ. ಮನೆಯ ಮಕ್ಕಳು ಮೊದಲು ಕಲಿಯುವ ಬೇಸ್‌ಬಾಲ್ ಅಂಕಿ ಅದಾಗಬಾರದು ಎಂದು ನಾನು ಕಳಕಳಿಯಿಂದ ಹೇಳುತ್ತೇನೆ. ಅವರ ಕೈಗೆ ಒಂದು ಸ್ಕೋರ್ ಪುಸ್ತಕ ಕೊಡಿ, ಪೆನ್ಸಿಲ್ ಕೊಡಿ.

ಕೊನೆಯದಾಗಿ 2010ರ ಜೂನ್ 2. ಡೆಟ್ರಾಯಿಟ್‌ನ ಅರ್ಮಾಂಡೊ ಗಲಾರಾಗಾ ಕ್ಲೀವ್‌ಲೆಂಡ್‌ನ ಇಪ್ಪತ್ತಾರು ಬ್ಯಾಟರ್‌ಗಳನ್ನು ಸಾಲಾಗಿ ಔಟ್ ಮಾಡಿದ್ದ. ಇಪ್ಪತ್ತೇಳನೆಯವನೂ ಔಟಾದರೆ ಪರ್ಫೆಕ್ಟ್ ಗೇಮ್, ಒಂದೂವರೆ ಶತಮಾನದ ಆಟದಲ್ಲಿ ಇಪ್ಪತ್ತು ಚಿಲ್ಲರೆ ಬಾರಿ ಮಾತ್ರ ಕಂಡದ್ದು. ಜೇಸನ್ ಡೊನಾಲ್ಡ್ ಹೊಡೆದ ಚೆಂಡನ್ನು ಮೊದಲ ಬೇಸಿನ ಮಿಗೆಲ್ ಕ್ಯಾಬ್ರೆರಾ ತಡೆದು, ಬೇಸಿಗೆ ಓಡಿ ಬಂದ ಗಲಾರಾಗಾನಿಗೆ ಎಸೆದ. ಓಟಗಾರನಿಗಿಂತ ಒಂದು ಹೆಜ್ಜೆ ಮೊದಲೇ ಚೆಂಡು ಬಂದಿತ್ತು. ಅಂಪೈರ್ ಜಿಮ್ ಜಾಯ್ಸ್ ಕೈಗಳನ್ನು ಅಗಲಿಸಿ ಔಟಲ್ಲ ಎಂದರು. ಗಲಾರಾಗಾ ಸಣ್ಣದಾಗಿ ನಕ್ಕು, ತಿರುಗಿ ಹೋಗಿ ಮುಂದಿನ ಬ್ಯಾಟರ್‌ನನ್ನು ಔಟ್ ಮಾಡಿದ. ಪಂದ್ಯ ಮುಗಿದ ಮೇಲೆ ದೃಶ್ಯವನ್ನು ಮತ್ತೆ ನೋಡಿದ ಜಾಯ್ಸ್ ತಾನು ತಪ್ಪಿದೆನೆಂದು ಒಪ್ಪಿ ಕ್ಷಮೆ ಕೇಳಿದರು. ಮರುದಿನ ತಂಡದ ಪಟ್ಟಿಯನ್ನು ಅವರ ಕೈಗೆ ಕೊಡಲು ಗಲಾರಾಗಾನೇ ಬಂದಾಗ ಅವರು ಕಣ್ಣೊರೆಸಿಕೊಂಡರು. ತೀರ್ಪನ್ನು ಬದಲಿಸಲಿಲ್ಲ, ದಾಖಲೆಯಲ್ಲಿ ಅದು ಇಂದಿಗೂ ಒಂದು ಹಿಟ್ ಕೊಟ್ಟ ಪಂದ್ಯವೇ.

ಆ ರಾತ್ರಿ ನಾನು ನೆರೆಯವರ ಮನೆಯಲ್ಲಿದ್ದೆ. ಆಗ ಅವರಿಗೆ ಎಂಬತ್ತು ದಾಟಿತ್ತು, ಕೈ ಸ್ವಲ್ಪ ನಡುಗುತ್ತಿತ್ತು. ಬಹಳ ಹೊತ್ತು ಪೆನ್ಸಿಲ್ ಹಿಡಿದುಕೊಂಡೇ ಕೂತರು. ಆಮೇಲೆ ಡೊನಾಲ್ಡ್‌ನ ಚೌಕದಲ್ಲಿ ನಿಯಮದಂತೆ ಮೊದಲ ಬೇಸಿನವರೆಗೆ ಹಿಟ್ಟಿನ ಗೆರೆ ಎಳೆದರು. ಆ ಗೆರೆಯ ಪಕ್ಕದಲ್ಲೇ, ವಜ್ರದ ಒಳಗೆ, ತಾವು ಕಂಡದ್ದನ್ನೂ ಬರೆದರು: 3-1. ಎರಡರಲ್ಲಿ ಯಾವುದನ್ನೂ ಅವರು ಅಳಿಸಲಿಲ್ಲ.